ಟೇಬಲ್‌ಟಾಪ್ ಆಡಿಯೋ: ಗಂಟೆಗಟ್ಟಲೆ ನಡೆಯುವ ಕಾಳಗಕ್ಕೆ ತಕ್ಕ ಸಂಗೀತ

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟ ನಡೆಸುವವರು ಕಾಳಗಕ್ಕೆ ಹಿನ್ನೆಲೆ ಸಂಗೀತ ಬೇಕು ಅಂದಾಗ ಮೊದಲು ಕೈ ಹಾಕುವುದು ಸಿನಿಮಾ ಸಂಗೀತಕ್ಕೆ. ಕೇಳೋಕೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಆಟದ ಮೇಜಿಗೆ ಅದು ಹೊಂದುವುದು ಕಡಿಮೆ. ಸಿನಿಮಾದ ಸಂಗೀತವನ್ನು ಪರದೆಯ ಮೇಲಿನ ದೃಶ್ಯಕ್ಕೆ ಅಳೆದು ಮಾಡಿರುತ್ತಾರೆ. ಎಲ್ಲಿ ಏರಬೇಕು, ಎಲ್ಲಿ ತಟ್ಟನೆ ನಿಲ್ಲಬೇಕು ಅನ್ನೋದೆಲ್ಲ ಆ ದೃಶ್ಯದ ಲೆಕ್ಕ. ನಮ್ಮಲ್ಲಿ ಅದೇ ಹೊತ್ತಿಗೆ ಯಾರೋ ಒಬ್ಬರು ತಮ್ಮ ಮಂತ್ರ ಎಷ್ಟು ದೂರ ತಲುಪುತ್ತದೆ ಅಂತ ಪುಸ್ತಕ ತಿರುವುತ್ತಾ ಕೂತಿರುತ್ತಾರೆ, ಅತ್ತ ಕೋರಸ್ ಲೋಕವೇ ಮುಳುಗಿದ ಹಾಗೆ ಕೂಗುತ್ತಿರುತ್ತದೆ.

ಇಲ್ಲಿ ನಿಜವಾದ ತೊಡಕು ಸಮಯದ್ದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಇಂಥ ಆಟದ ಐದನೇ ಆವೃತ್ತಿಯಲ್ಲಿ ಒಂದು ರೌಂಡ್, ಅಂದರೆ ಎಲ್ಲರ ಸರದಿ ಒಮ್ಮೆ ಮುಗಿಯೋದು, ಕತೆಯೊಳಗೆ ಸುಮಾರು 6 ಸೆಕೆಂಡ್. ನಾಲ್ಕು ರೌಂಡ್‌ನ ಕಾಳಗ ಕತೆಯಲ್ಲಿ ಮುಗಿಯೋದು 24 ಸೆಕೆಂಡಿನಲ್ಲಿ. ಮೇಜಿನ ಸುತ್ತ ಕೂತವರಿಗೆ ಮಾತ್ರ ಅದು ಆರಾಮಾಗಿ ಒಂದು ಗಂಟೆ. ಒಂದೂವರೆ ನಿಮಿಷದ ವಿಡಿಯೋ ಗೇಮ್ ಟ್ಯೂನನ್ನು ಲೂಪ್ ಹಾಕಿದರೆ ಆ ಗಂಟೆಯಲ್ಲಿ ಅದೇ ಟ್ಯೂನ್ 40 ಸಲ ಬರುತ್ತದೆ. ಎಷ್ಟೇ ಒಳ್ಳೆಯ ಟ್ಯೂನ್ ಆಗಲಿ, ಅಷ್ಟು ಹೊತ್ತಿಗೆ ಕಿವಿ ಸೋತುಹೋಗುತ್ತದೆ.

ಈ ಕಾರಣಕ್ಕೇ ನಾನು ಮತ್ತೆ ಮತ್ತೆ ಟೇಬಲ್‌ಟಾಪ್ ಆಡಿಯೋ ವೆಬ್‌ಸೈಟಿಗೆ ಹೋಗುವುದು. ಅಲ್ಲಿನ ತುಣುಕುಗಳು 10 ನಿಮಿಷದವು. ಉಚಿತ, ನಡುವೆ ಜಾಹೀರಾತಿಲ್ಲ, ಬೇಕಾದ್ದನ್ನು ಇಳಿಸಿಕೊಂಡು ಇಂಟರ್ನೆಟ್ ಇಲ್ಲದೆಯೂ ಹಾಕಬಹುದು. ಖರ್ಚು ನಡೆಯೋದು ಪೇಟ್ರಿಯಾನ್ ಅನ್ನುವ ದೇಣಿಗೆ ಸೈಟಿನ ಮೂಲಕ ಜನ ಕೊಡುವ ಹಣದಿಂದ. ಆದರೆ ಬಿಟ್ಟಿ ಸಿಗುತ್ತೆ ಅನ್ನೋದಲ್ಲ ನನಗೆ ಮುಖ್ಯ. ಇವನ್ನು ಮಾಡಿರುವವರಿಗೆ ಮೇಜಿನ ಸುತ್ತ ಜನ ಮಾತಾಡುತ್ತಿರುತ್ತಾರೆ ಅನ್ನೋದು ಗೊತ್ತು. ಕಾಳಗದ ತುಣುಕುಗಳಲ್ಲೂ ನಗಾರಿ ಕೆಳಗಿನ ಸ್ವರದಲ್ಲಿ ಒಂದೇ ಸಮ ನಡೆಯುತ್ತಿರುತ್ತದೆ, ತಂತಿವಾದ್ಯ ಹಿಂದೆ ಸರಿದು ನಿಂತಿರುತ್ತದೆ, ಗುನುಗುವಂಥ ದೊಡ್ಡ ಟ್ಯೂನ್ ಬರುವುದು ಅಪರೂಪ. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೇಳಿದರೆ ಸಪ್ಪೆ ಅನ್ನಿಸಬಹುದು. ಐದು ಜನ ಒಟ್ಟಿಗೆ ಮಾತಾಡುವ ಕೋಣೆಯಲ್ಲಿ ಹಾಕಿ ನೋಡಿ, ಆಗ ಗೊತ್ತಾಗುತ್ತದೆ. ಮನುಷ್ಯರ ಮಾತಿಗೆ ಜಾಗ ಬಿಟ್ಟೇ ಅದನ್ನು ಮಾಡಿದ್ದಾರೆ.

ಅಲ್ಲಿ ಕೆಲವು ತುಣುಕು ಬರೀ ಸಂಗೀತ, ಕೆಲವು ಬರೀ ಸದ್ದು, ಕೆಲವು ಎರಡೂ ಬೆರೆತವು. ಕತ್ತಿ ಕಣಕಣ ಅನ್ನುವ, ಜನ ಅರಚುವ ತುಣುಕುಗಳನ್ನು ಕಾಳಗಕ್ಕೆ ನಾನು ಹಾಕುವುದಿಲ್ಲ. ಕತ್ತಿಯ ಏಟು ಬೀಳಬೇಕಾದ್ದು ಡೈಸ್ ಉರುಳಿದಾಗ, ಆಟ ನಡೆಸುವ ಗೇಮ್ ಮಾಸ್ಟರ್ ಬಾಯಿಂದ. ಮಂತ್ರವಾದಿ ಏನು ಮಾಡಲಿ ಅಂತ ಯೋಚಿಸುತ್ತಿರುವಾಗ ಸ್ಪೀಕರ್‌ನಲ್ಲಿ ಯಾರೋ ಸತ್ತರೆ ಆ ಸಾವಿಗೂ ಕತೆಗೂ ಸಂಬಂಧವೇ ಇರುವುದಿಲ್ಲ, ಅಲ್ವಾ? ದೂರದಲ್ಲಿ ದೊಡ್ಡ ಯುದ್ಧ ನಡೀತಿದೆ, ನಮ್ಮವರು ಕೋಟೆಯೊಳಗೆ ನುಸುಳುತ್ತಿದ್ದಾರೆ ಅನ್ನುವ ದೃಶ್ಯಕ್ಕಾದರೆ ಅದೇ ತುಣುಕು ಅದ್ಭುತ.

ಈಗ ಕೊರತೆ. ಕಾಳಗ ಅರ್ಧಕ್ಕೆ ಬಂದಾಗ, ದೊಡ್ಡ ಶತ್ರು ಗಾಯಗೊಂಡು ಕೆರಳಿದಾಗ, ಸಂಗೀತ ಏರಬೇಕು ಅನ್ನಿಸುತ್ತದೆ. 10 ನಿಮಿಷದ ಒಂದೇ ತುಣುಕಿನಲ್ಲಿ ಅದು ನಮ್ಮ ಕೈಯಲ್ಲಿಲ್ಲ, ಅದು ತನ್ನ ಪಾಡಿಗೆ ತಾನು ಸಾಗುತ್ತದೆ. ಇದೇ ಸೈಟಿನ ಸೌಂಡ್‌ಪ್ಯಾಡ್‌ನಲ್ಲಿ ಗುಂಡಿ ಒತ್ತಿ ಬೇರೆ ಬೇರೆ ಸದ್ದು ಸೇರಿಸಬಹುದು, ಒಂದೊಂದರ ವಾಲ್ಯೂಮನ್ನೂ ಬೇರೆಯಾಗಿ ಹೊಂದಿಸಬಹುದು. ಅದು ಚೆನ್ನಾಗಿದೆ. ಆದರೆ ಯಾರ ಸರದಿ ಯಾವಾಗ ಅನ್ನುವ ಇನಿಶಿಯೇಟಿವ್ ಪಟ್ಟಿ, ಆರು ಗಾಬ್ಲಿನ್‌ ಪುಟ್ಟ ರಾಕ್ಷಸರ ಪ್ರಾಣದ ಲೆಕ್ಕ, ನಿಯಮದ ಪ್ರಶ್ನೆ ಎಲ್ಲ ಒಬ್ಬರ ತಲೆಯಲ್ಲೇ ಓಡುತ್ತಿರುವಾಗ ಗುಂಡಿ ಒತ್ತೋಕೆ ಪುರುಸೊತ್ತು ಎಲ್ಲಿ? ಇದಕ್ಕೆ ಸಿರಿನ್‌ಸ್ಕೇಪ್ ಅನ್ನುವ ಇನ್ನೊಂದು ಸೇವೆ ಹೆಚ್ಚು ಒಳ್ಳೆಯದು. ಅದು ಚಿಕ್ಕ ಚಿಕ್ಕ ಸದ್ದುಗಳನ್ನು ಆಯಾ ಕ್ಷಣಕ್ಕೇ ಬೆರೆಸಿ ಕೊಡುತ್ತದೆ, ಹಾಗಾಗಿ ಅದೇ ಲೂಪ್ ಅದೇ ರೀತಿ ತಿರುಗುವುದಿಲ್ಲ. ಒಂದು ಮೂಡ್‌ನಿಂದ ಇನ್ನೊಂದಕ್ಕೆ ಹೋಗಲು ಒಂದು ಕ್ಲಿಕ್ ಸಾಕು. ಪೂರ್ತಿ ಸಂಗ್ರಹ ಬೇಕಾದರೆ ಚಂದಾ ಕಟ್ಟಬೇಕು, ಮತ್ತು ಆಟಕ್ಕೆ ಮುಂಚೆ ಕೂತು ತಯಾರಿ ಮಾಡಿಕೊಳ್ಳಬೇಕು. ವಾರ ವಾರ ಆಡುವವರಿಗೆ ಅದು ಸರಿ. ಅಪರೂಪಕ್ಕೆ ಸೇರುವ ಗುಂಪಿಗೆ ಅಷ್ಟೆಲ್ಲ ಬೇಡ, ಎರಡು ತುಣುಕು ಆರಿಸಿಟ್ಟುಕೊಂಡರೆ ಸಾಕು. ಗೆಲ್ಲುತ್ತಿರುವಾಗ ಒಂದು, ಸೋಲುತ್ತಿರುವಾಗ ಇನ್ನೊಂದು. ಶತ್ರು ಯಾರು ಅನ್ನೋದಕ್ಕಿಂತ ಯಾರ ಕೈ ಮೇಲಾಗಿದೆ ಅನ್ನೋದನ್ನು ನೋಡಿ ಸಂಗೀತ ಬದಲಿಸಿದರೆ ಆಟಗಾರರಿಗೆ ಅದು ನೇರ ಎದೆಗೆ ತಟ್ಟುತ್ತದೆ.

ಯಾವ ಸೇವೆ ಬಳಸಿದರೂ ಒಂದು ವಿಷಯದಲ್ಲಿ ಎಚ್ಚರ ಬೇಕು. ಸಂಗೀತ ಗುಟ್ಟು ಬಿಟ್ಟುಕೊಡುತ್ತದೆ. ಡಕಾಯಿತರ ಜೊತೆ ಮಾತಾಡಿ ಪಾರಾಗೋಣ ಅಂತ ಆಟಗಾರರು ನೋಡುತ್ತಿರುವಾಗ ನಗಾರಿ ಶುರು ಮಾಡಿದರೆ, ಇನ್ನು ಮಾತು ನಡೆಯೋದಿಲ್ಲ ಅಂತ ನಾವೇ ಹೇಳಿದ ಹಾಗೆ. ಮೊದಲ ಏಟು ಬೀಳುವ ತನಕ ಹಾಕಲೇಬೇಡಿ. ಹಾಗೇ ಕೊನೆಯ ಶತ್ರು ಬಿದ್ದ ಕೂಡಲೇ ನಿಲ್ಲಿಸಿದರೆ ಗೋಡೆಯ ಹಿಂದೆ ಇನ್ಯಾರೂ ಇಲ್ಲ ಅನ್ನೋದು ಎಲ್ಲರಿಗೂ ತಿಳಿದುಬಿಡುತ್ತದೆ. ಒಂದಷ್ಟು ಹೊತ್ತು ಹಾಗೇ ಬಿಟ್ಟು ಮೆಲ್ಲಗೆ ಇಳಿಸಿ. ಯಾರೂ ಇಲ್ಲದ ಗೋಡೆಯ ಹಿಂದೆ ಆಟಗಾರರೇ ಹೋಗಿ ಹುಡುಕುತ್ತಾರೆ!

ಸ್ಪೀಕರನ್ನು ಗೇಮ್ ಮಾಸ್ಟರ್ ಪಕ್ಕ ಇಡುವುದು ಬೇಡ. ಮಾತು, ಸಂಗೀತ ಎರಡೂ ಒಂದೇ ದಿಕ್ಕಿನಿಂದ ಬಂದರೆ ಕಿವಿಗೆ ಬೇರ್ಪಡಿಸೋದು ಕಷ್ಟ. ಕೋಣೆಯ ಆಚೆ ಮೂಲೆಯಲ್ಲಿ ಇಟ್ಟರೆ ಅದೇ ವಾಲ್ಯೂಮ್‌ನಲ್ಲೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಕಿವಿ ಸ್ವಲ್ಪ ಮಂದ ಇರುವವರು ಗುಂಪಿನಲ್ಲಿದ್ದರೆ ಅವರನ್ನು ಕೇಳಿಯೇ ವಾಲ್ಯೂಮ್ ಇಡಿ. ಅವರು ಬೇಡ ಅಂದರೆ ಆ ದಿನ ಸಂಗೀತವೇ ಬೇಡ.

ಇಂಟರ್ನೆಟ್‌ನಲ್ಲಿ ಗುಂಪಾಗಿ ಮಾತಾಡುವ ಡಿಸ್ಕಾರ್ಡ್‌ನಲ್ಲಿ ಆಡುವವರು ಸುಮ್ನೆ ಮೈಕ್ ಮುಂದೆ ಸ್ಪೀಕರ್ ಹಿಡಿದು ಪ್ರಯೋಜನವಿಲ್ಲ. ಅಲ್ಲಿನ ಗದ್ದಲ ತಡೆಯುವ ಸೌಲಭ್ಯ ಸಂಗೀತವನ್ನೂ ಗದ್ದಲ ಅಂದುಕೊಂಡು ಕತ್ತರಿಸಿಬಿಡುತ್ತದೆ. ಹಿಂದೆ ಯೂಟ್ಯೂಬ್ ಹಾಡು ತಂದು ಹಾಕುತ್ತಿದ್ದ ಗ್ರೂವಿ, ರಿದಮ್ ಬಾಟ್‌ಗಳು (ಡಿಸ್ಕಾರ್ಡ್ ಒಳಗೆ ತಾವೇ ಕೆಲಸ ಮಾಡುವ ಪ್ರೋಗ್ರಾಂಗಳು) 2021ರಲ್ಲೇ ನಿಂತುಹೋದವು. ಈಗ ಕೆಂಕು ಎಫ್‌ಎಂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಟೇಬಲ್‌ಟಾಪ್ ಆಡಿಯೋದಿಂದ ಇಳಿಸಿಕೊಂಡ ತುಣುಕನ್ನು ಅದರಲ್ಲಿ ಸೇರಿಸಿದರೆ ಬಾಟ್ ಮೂಲಕ ಎಲ್ಲರಿಗೂ ಹೋಗುತ್ತದೆ, ಯಾರಿಗೆ ಜಾಸ್ತಿ ಅನ್ನಿಸುತ್ತದೋ ಅವರು ತಮ್ಮ ಕಡೆ ಮಾತ್ರ ಕಡಿಮೆ ಮಾಡಿಕೊಳ್ಳಬಹುದು. ಇಂಥ ಆಟಗಳನ್ನು ಆನ್‌ಲೈನ್ ಆಡಿಸುವ ರೋಲ್20 ಸೈಟ್ ಬಳಸುವವರಿಗೆ ಇಳಿಸಿಕೊಳ್ಳುವ ಕೆಲಸವೂ ಇಲ್ಲ, ಸಂಗೀತ ಹಾಕುವ ಅದರ ಜೂಕ್‌ಬಾಕ್ಸ್ ಒಳಗೇ ಟೇಬಲ್‌ಟಾಪ್ ಆಡಿಯೋ ಇದೆ. ಆಟವನ್ನು ರೆಕಾರ್ಡ್ ಮಾಡಿ ದುಡ್ಡು ಮಾಡುವ ಯೋಚನೆ ಇದ್ದವರು ಮಾತ್ರ ಮೊದಲೇ ಅನುಮತಿ ಕೇಳಿಕೊಳ್ಳಿ. ಟೇಬಲ್‌ಟಾಪ್ ಆಡಿಯೋದ ಲೈಸೆನ್ಸ್ ವ್ಯಾಪಾರದ ಬಳಕೆಗೆ ಅಲ್ಲ.