ಡೇಟಾ ಗಾರ್ಡ್, ಪೋಸ್ಟ್‌ಗ್ರೆಸ್ ಸ್ಟ್ಯಾಂಡ್‌ಬೈ: ಲಿಂಕ್ ಕಡಿದಾಗ ಯಾವುದು ಮೇಲು?

ಮುಖ್ಯ ಡೇಟಾಬೇಸ್ (ಪ್ರೈಮರಿ) ಬಿದ್ದರೆ ಅದರ ಜಾಗಕ್ಕೆ ಬರುವ ನಕಲೇ ಸ್ಟ್ಯಾಂಡ್‌ಬೈ. ಅದನ್ನು ಕಟ್ಟುವುದು ಈಗ ದೊಡ್ಡ ಕೆಲಸವಲ್ಲ. ಒರಾಕಲ್‌ನಲ್ಲಿ ಆರ್‌ಮ್ಯಾನ್ ಡೂಪ್ಲಿಕೇಟ್ ಇದೆ, ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ಬೇಸ್‌ಬ್ಯಾಕಪ್ ಇದೆ. ಒರಾಕಲ್‌ನ ಸ್ಟ್ಯಾಂಡ್‌ಬೈ ಏರ್ಪಾಡಾದ ಡೇಟಾ ಗಾರ್ಡ್, ಪೋಸ್ಟ್‌ಗ್ರೆಸ್‌ನ ಸ್ಟ್ಯಾಂಡ್‌ಬೈ, ಇವೆರಡರ ಗುಣ ಗೊತ್ತಾಗುವುದು ಆಮೇಲೆ. ಡಿಆರ್ ಸೈಟಿನ (ಅವಘಡಕ್ಕೆಂದು ಸ್ಟ್ಯಾಂಡ್‌ಬೈ ಇಟ್ಟ ಬೇರೆ ಜಾಗದ) ಲಿಂಕ್ ಕಡಿದು ಹೋದಾಗ, ಬಿದ್ದ ಪ್ರೈಮರಿ ಮತ್ತೆ ಎದ್ದು ಬಂದಾಗ. ಎರಡನ್ನೂ ನಾನು ಪ್ರೊಡಕ್ಷನ್‌ನಲ್ಲಿ ನೋಡಿಕೊಂಡಿದ್ದೇನೆ. ಟೆಸ್ಟ್ ಸರ್ವರ್‌ಗಳಲ್ಲಿ ಬೇಕಂತಲೇ ಲಿಂಕ್ ಕಿತ್ತೂ ನೋಡಿದ್ದೇನೆ.

ಗ್ಯಾಪ್, ಅಂದರೆ ಲಿಂಕ್ ಇಲ್ಲದಾಗ ತಪ್ಪಿದ ಬದಲಾವಣೆಗಳನ್ನು, ತುಂಬುವ ವಿಷಯದಲ್ಲಿ ಡೇಟಾ ಗಾರ್ಡ್ ಮುಂದಿದೆ. ಲಿಂಕ್ ವಾಪಸ್ ಬಂದ ಕೂಡಲೇ ಯಾವ ಆರ್ಕೈವ್ ಲಾಗ್ (ಬದಲಾವಣೆಗಳ ದಾಖಲೆ) ಬಂದಿಲ್ಲ ಎಂದು ಸ್ಟ್ಯಾಂಡ್‌ಬೈಗೇ ಗೊತ್ತಾಗುತ್ತದೆ. ಫಾಲ್_ಸರ್ವರ್ ಸೆಟ್ಟಿಂಗ್‌ನಲ್ಲಿ ಹೇಳಿರುವ ಕಡೆಯಿಂದ ಅದನ್ನು ತಾನೇ ತರಿಸಿಕೊಳ್ಳುತ್ತದೆ. ಪ್ರೈಮರಿಯಲ್ಲಿ ಆ ಲಾಗ್ ಅಳಿಸಿ ಹೋಗಿದ್ದರೂ ದಾರಿ ಇದೆ. 18ಸಿ ಆವೃತ್ತಿಯಿಂದ 'ರಿಕವರ್ ಸ್ಟ್ಯಾಂಡ್‌ಬೈ ಡೇಟಾಬೇಸ್ ಫ್ರಂ ಸರ್ವಿಸ್' ಎಂಬ ಒಂದೇ ಆಜ್ಞೆ ಸಾಕು, ಬದಲಾದ ಬ್ಲಾಕ್‌ಗಳಷ್ಟೇ ನೆಟ್‌ವರ್ಕ್ ಮೇಲೆ ಬರುತ್ತವೆ. ಹಲವು ಟೆರಾಬೈಟ್ ಡೇಟಾಬೇಸನ್ನು ಮೊದಲಿನಿಂದ ನಕಲು ಮಾಡುವ ಕಷ್ಟ ತಪ್ಪುತ್ತದೆ. ಡೇಟಾ ಗಾರ್ಡ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಪೋಸ್ಟ್‌ಗ್ರೆಸ್‌ನಲ್ಲಿ ಈ ಏರ್ಪಾಡನ್ನು ನಾವೇ ಮಾಡಿಕೊಳ್ಳಬೇಕು. ಸುಮ್ನೆ ಬಿಟ್ಟರೆ ಪ್ರೈಮರಿ ಹಳೇ ವಾಲ್ ಫೈಲುಗಳನ್ನು (ಇಲ್ಲಿನ ಬದಲಾವಣೆಗಳ ದಾಖಲೆ) ಬಿಸಾಕುತ್ತದೆ. ತಡವಾಗಿ ಬಂದ ಸ್ಟ್ಯಾಂಡ್‌ಬೈಗೆ 'ಕೇಳಿದ ವಾಲ್ ಸೆಗ್ಮೆಂಟ್ ಆಗಲೇ ತೆಗೆದುಹಾಕಲಾಗಿದೆ' ಎಂಬ ಉತ್ತರ ಸಿಗುತ್ತದೆ. 2014ರಲ್ಲಿ 9.4 ಆವೃತ್ತಿ ತಂದ ರೆಪ್ಲಿಕೇಶನ್ ಸ್ಲಾಟ್ ಇದಕ್ಕೆ ಮದ್ದು. ಆದರೆ ಅದರಲ್ಲೇ ಅಪಾಯವೂ ಇದೆ. ಸ್ಟ್ಯಾಂಡ್‌ಬೈ ತೆಗೆದುಕೊಳ್ಳುವವರೆಗೆ ಸ್ಲಾಟ್ ವಾಲ್ ಫೈಲುಗಳನ್ನು ಹಿಡಿದಿಡುತ್ತದೆ. ಸ್ಟ್ಯಾಂಡ್‌ಬೈ ಬಿದ್ದಿದ್ದು ಯಾರಿಗೂ ಗೊತ್ತಾಗದಿದ್ದರೆ ಪ್ರೈಮರಿಯ ಡಿಸ್ಕ್ ತುಂಬಿ ಪ್ರೈಮರಿಯೇ ನಿಂತುಹೋಗುತ್ತದೆ. ಕಾಪಾಡಲು ಇಟ್ಟದ್ದೇ ಮುಳುಗಿಸಿದ ಹಾಗೆ, ಅಲ್ವಾ? 13ನೇ ಆವೃತ್ತಿಯ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಇದಕ್ಕೆ ಮಿತಿ ಹಾಕುತ್ತದೆ. ಅದರ ಡೀಫಾಲ್ಟ್ ಮೌಲ್ಯ -1, ಅಂದರೆ ಮಿತಿಯೇ ಇಲ್ಲ. ಹಾಗಾಗಿ ನಾನು ಸ್ಲಾಟ್ ಇಟ್ಟ ಕಡೆಯೆಲ್ಲ ಮಿತಿಯನ್ನೂ ಇಡುತ್ತೇನೆ, ಜೊತೆಗೆ ವಾಲ್ ಆರ್ಕೈವನ್ನು ಮೂರನೇ ಜಾಗಕ್ಕೆ ಕಳಿಸುತ್ತೇನೆ. ಸ್ಲಾಟ್ ಕೈಕೊಟ್ಟರೆ ರಿಸ್ಟೋರ್_ಕಮಾಂಡ್ ಅಲ್ಲಿಂದ ಎತ್ತಿಕೊಳ್ಳುತ್ತದೆ. ಹೀಗೆ ಕಟ್ಟಿದ ಮೇಲೆ ಪೋಸ್ಟ್‌ಗ್ರೆಸ್ ಮೇಲೂ ನನಗೆ ಪೂರ್ತಿ ನಂಬಿಕೆ ಬಂತು.

ಫೇಲ್‌ಓವರ್ ಆದ ಮೇಲೆ, ಅಂದರೆ ಸ್ಟ್ಯಾಂಡ್‌ಬೈ ಪ್ರೈಮರಿಯ ಜಾಗಕ್ಕೆ ಬಂದ ಮೇಲೆ, ಹಳೇ ಪ್ರೈಮರಿಯನ್ನು ಸ್ಟ್ಯಾಂಡ್‌ಬೈ ಮಾಡುವುದರಲ್ಲಿ ಇಬ್ಬರೂ ಸಮ. ಒರಾಕಲ್‌ನಲ್ಲಿ ಫ್ಲ್ಯಾಶ್‌ಬ್ಯಾಕ್ ಡೇಟಾಬೇಸ್ (ಹಿಂದಿನ ಸ್ಥಿತಿಗೆ ಒಯ್ಯುವ ಸೌಲಭ್ಯ) ಆನ್ ಇದ್ದರೆ ಡೇಟಾ ಗಾರ್ಡ್ ನಿರ್ವಹಿಸುವ ಬ್ರೋಕರ್ ಅದನ್ನು 'ರೀಇನ್‌ಸ್ಟೇಟ್' ಮಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿ_ರಿವೈಂಡ್, ಅದಕ್ಕೆ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಗುರುತು) ಅಥವಾ ವಾಲ್_ಲಾಗ್_ಹಿಂಟ್ಸ್ ಸೆಟ್ಟಿಂಗ್ ಬೇಕು. ಎರಡೂ ಕಡೆ ಇವನ್ನು ಅವಘಡಕ್ಕೆ ಮೊದಲೇ ಆನ್ ಮಾಡಿರಬೇಕು.

ಸಿಂಕ್ರೊನಸ್ ವಿಧಾನದಲ್ಲಿ, ಅಂದರೆ ಪ್ರತಿ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು) ಸ್ಟ್ಯಾಂಡ್‌ಬೈನ ಉತ್ತರಕ್ಕೆ ಕಾಯುವಲ್ಲಿ ಮಾತ್ರ, ಸ್ವಭಾವ ಪೂರ್ತಿ ಬೇರೆ. ಡೇಟಾ ಗಾರ್ಡ್‌ನ ಮ್ಯಾಕ್ಸಿಮಮ್ ಅವೈಲಬಿಲಿಟಿಯಲ್ಲಿ ಸ್ಟ್ಯಾಂಡ್‌ಬೈ ಸಿಗದಿದ್ದರೆ ಪ್ರೈಮರಿ ಸ್ವಲ್ಪ ಹೊತ್ತು ಕಾದು ಮುಂದೆ ಹೋಗುತ್ತದೆ. ಪೋಸ್ಟ್‌ಗ್ರೆಸ್ ಹಾಗಲ್ಲ. ಇದ್ದ ಒಂದೇ ಸಿಂಕ್ ಸ್ಟ್ಯಾಂಡ್‌ಬೈ ಹೋದರೆ ಕಮಿಟ್‌ಗಳು ಕಾಯುತ್ತಲೇ ಇರುತ್ತವೆ. ಪ್ಯಾಟ್ರೋನಿಯಂಥ ಸಾಧನವಾಗಲಿ, ಮನುಷ್ಯರಾಗಲಿ ಮಧ್ಯೆ ಬರಬೇಕು. ದೂರದ ಸೈಟ್‌ಗೆ ನಾನು ಎರಡರಲ್ಲೂ ಅಸಿಂಕ್ರೊನಸ್ಸನ್ನೇ (ಉತ್ತರಕ್ಕೆ ಕಾಯದ ವಿಧಾನ) ಇಡುವುದು. ಬೆಂಗಳೂರಿನಿಂದ ಮುಂಬೈಗೆ ರಸ್ತೆಯಲ್ಲಿ ಸುಮಾರು 1000 ಕಿ.ಮೀ. ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಅಷ್ಟು ಉದ್ದದ ಕೇಬಲ್‌ನಲ್ಲಿ ಹೋಗಿ ಬರಲು 10 ಮಿಲಿಸೆಕೆಂಡ್ ಆಯಿತು, ಅದೂ ಪ್ರತಿ ಕಮಿಟ್‌ಗೆ.

ಖರ್ಚಿನಲ್ಲಿ ಪೋಸ್ಟ್‌ಗ್ರೆಸ್‌ಗೆ ಎದುರಿಲ್ಲ. ಡೇಟಾ ಗಾರ್ಡ್‌ಗೆ ಎಂಟರ್‌ಪ್ರೈಸ್ ಆವೃತ್ತಿಯೇ ಬೇಕು. ಸ್ಟ್ಯಾಂಡ್‌ಬೈನಲ್ಲಿ ರೀಡೂ (ಬಂದ ಬದಲಾವಣೆಗಳು) ಅಪ್ಲೈ ಆಗುತ್ತಿರುವಾಗಲೇ ಅಲ್ಲೇ ರಿಪೋರ್ಟ್ ಓಡಿಸಬೇಕೆಂದರೆ ಆ್ಯಕ್ಟಿವ್ ಡೇಟಾ ಗಾರ್ಡ್ ಲೈಸೆನ್ಸ್ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ 2010ರಿಂದಲೂ ಅದು ಉಚಿತ. ಆದರೆ ಉದ್ದದ ಕ್ವೆರಿ ಓಡುವಾಗ ಅಪ್ಲೈ ಜೊತೆ ಘರ್ಷಣೆಯಾದರೆ ಡೀಫಾಲ್ಟಾಗಿ 30 ಸೆಕೆಂಡ್ ಕಾದು ಆ ಕ್ವೆರಿಯನ್ನೇ ರದ್ದು ಮಾಡುತ್ತದೆ.

ಸದ್ದಿಲ್ಲದೆ ಕೆಡುವ ಜಾಗಗಳು ಎರಡರಲ್ಲೂ ಇವೆ. ಇವನ್ನು ಲ್ಯಾಗ್ ಅಲರ್ಟ್ (ಸ್ಟ್ಯಾಂಡ್‌ಬೈ ಹಿಂದೆ ಬಿದ್ದಾಗ ಬರುವ ಎಚ್ಚರಿಕೆ) ಹಿಡಿಯುವುದಿಲ್ಲ. ಒರಾಕಲ್‌ನಲ್ಲಿ ಲಾಗ್ ಕಡ್ಡಾಯ ಮಾಡುವ ಫೋರ್ಸ್ ಲಾಗಿಂಗ್ ಇಲ್ಲದೆ ಯಾರಾದರೂ ನೋಲಾಗಿಂಗ್ (ಲಾಗ್ ಬರೆಯದ) ಲೋಡ್ ಮಾಡಿದರೆ ಲ್ಯಾಗ್ ಸೊನ್ನೆಯೇ ತೋರಿಸಬಹುದು. ಸ್ಟ್ಯಾಂಡ್‌ಬೈ ತೆರೆದು ಆ ಟೇಬಲ್ ಓದಿದಾಗ ಓಆರ್‌ಎ-26040 ಎಂಬ ಎರರ್ ಎದುರಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರೈಮರಿ ಹಳೇ ಲಿನಕ್ಸ್ ಮೇಲೆ, ಸ್ಟ್ಯಾಂಡ್‌ಬೈ ಹೊಸದರ ಮೇಲೆ ಇದ್ದರೆ ಗೊಂದಲ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳ ಕ್ರಮ ಬದಲಾಗಿದೆ, ಆದ್ದರಿಂದ ಟೆಕ್ಸ್ಟ್ ಇಂಡೆಕ್ಸ್‌ನಲ್ಲಿ ಇರುವ ಸಾಲೂ ಹುಡುಕಿದರೆ ಸಿಗದೇ ಹೋಗಬಹುದು.

ಲೈಸೆನ್ಸ್ ಆಗಲೇ ಇದ್ದು, ಡೇಟಾಬೇಸ್ ದೊಡ್ಡದು, ತಂಡ ಚಿಕ್ಕದು ಎಂದಾದರೆ ನಾನು ಡೇಟಾ ಗಾರ್ಡ್ ಬಿಟ್ಟು ಹೋಗುವುದಿಲ್ಲ. ಹೊಸದಾಗಿ ಶುರು ಮಾಡುವವರು ಪೋಸ್ಟ್‌ಗ್ರೆಸ್ ಹಿಡಿಯಲಿ. ಆದರೆ ಮೊದಲ ದಿನವೇ ಆರ್ಕೈವ್, ಸ್ಲಾಟ್ ಮಿತಿ, ಚೆಕ್‌ಸಮ್ ಮೂರನ್ನೂ ಹಾಕಿಕೊಳ್ಳಲಿ.