ರೆವಾಕ್ಸ್ ಎ77: ಸ್ಟಾಪ್ ಒತ್ತಿದ ಮೇಲೆ ಸ್ವಲ್ಪ ತಾಳಿ

1967ರ ಈ ಸ್ವಿಸ್ ಸ್ಪೂಲ್ ಟೇಪ್ ರೆಕಾರ್ಡರಿನ ದನಿಯನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ನನ್ನ ತಕರಾರು ಒಂದೇ: ಟೇಪ್ ಓಡುತ್ತಿದೆಯೋ ನಿಂತಿದೆಯೋ ಎಂದು ತಿಳಿಯುವ ಸೆನ್ಸರ್ ಇದರಲ್ಲಿಲ್ಲ. ಫಾಸ್ಟ್ ಫಾರ್ವರ್ಡ್‌ನಲ್ಲಿ ರೀಲು ಭರ್ರನೆ ತಿರುಗುತ್ತಿರುವಾಗ ನೇರ ಪ್ಲೇ ಒತ್ತಿದರೆ ಟೇಪು ಜಗ್ಗಿ ಹಿಗ್ಗಬಹುದು, ತುಂಡೂ ಆಗಬಹುದು. ತೆಳುವಾದ ಲಾಂಗ್ ಪ್ಲೇ ಟೇಪಿಗೆ ಅಪಾಯ ಹೆಚ್ಚು. ಸ್ಟಾಪ್ ಒತ್ತಿ, ಎರಡೂ ರೀಲು ಪೂರ್ತಿ ನಿಂತ ಮೇಲೆಯೇ ಪ್ಲೇ. ಹತ್ತೂವರೆ ಇಂಚಿನ ರೀಲು ಭಾರ, ನಿಲ್ಲಲು ಹೊತ್ತು ಬೇಕು. ನಿಲ್ಲುವಾಗ ಟೇಪು ಸಡಿಲವಾಗಿ ಕುಣಿಕೆ ಬಿದ್ದರೆ ಬ್ರೇಕ್ ಪಟ್ಟಿಗಳನ್ನು ನೋಡಿ: ಎಣ್ಣೆ ಜಿಡ್ಡು ತಾಗಿರುತ್ತದೆ, ಇಲ್ಲವೇ ಎರಡು ಕಡೆಯ ಹಿಡಿತ ಸಮವಾಗಿರುವುದಿಲ್ಲ.

ಇಷ್ಟಾದರೂ ಇದನ್ನು ಕೊಡಲು ಮನಸ್ಸಾಗದು. ಕಾರಣ ಕ್ಯಾಪ್‌ಸ್ಟನ್, ಅಂದರೆ ಟೇಪನ್ನು ಒಂದೇ ವೇಗದಲ್ಲಿ ಎಳೆಯುವ ದಂಡ. ಮೋಟಾರಿನ ದಂಡವೇ ಕ್ಯಾಪ್‌ಸ್ಟನ್, ನಡುವೆ ಬೆಲ್ಟ್ ಇಲ್ಲ. ವೇಗವನ್ನು ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಿಡಿದಿಡುತ್ತದೆ. ಮನೆಯ ಕರೆಂಟು ಏರಿಳಿದರೂ ತಂಬೂರಿಯ ಶ್ರುತಿ ಅಲುಗುವುದಿಲ್ಲ. ರೆಕಾರ್ಡಿಂಗ್‌ನಲ್ಲಿ ಆಧಾರ ಷಡ್ಜ ಚೂರು ತೇಲಿದರೂ ಕಿವಿಗೆ ಕಿರಿಕಿರಿ; ಇಲ್ಲಿ ಆ ಚಿಂತೆಯೇ ಇಲ್ಲ.

ಟೇಪ್ ಹಾಕುವ ಮುಂಚಿನ ಐದು ನಿಮಿಷ ನನಗೆ ಬಲು ಇಷ್ಟ. ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಟೇಪಿನ ದನಿ ಓದುವ ಹೆಡ್, ಟೇಪಿಗೆ ದಾರಿ ತೋರುವ ಗೈಡ್, ಕ್ಯಾಪ್‌ಸ್ಟನ್ ಒರೆಸುವುದು, ಕಂದು ಬಣ್ಣ ಬರುವುದು ನಿಲ್ಲುವವರೆಗೆ. ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತಿ ಹಿಡಿಯುವ ಪಿಂಚ್ ರೋಲರಿನ ರಬ್ಬರಿಗೆ ಆಲ್ಕೋಹಾಲ್ ಬೇಡ, ಸೌಮ್ಯ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಎಲ್ಲ ಒಣಗಿದ ಮೇಲೆ ಟೇಪ್. ಹೆಡ್ಡಿನಲ್ಲಿ ಉಳಿದ ಕಾಂತತೆ ತೆಗೆಯಲು ಡಿಮ್ಯಾಗ್ನೆಟೈಸ್ ಮಾಡುವಾಗ ಯಂತ್ರ ಆಫ್, ಟೇಪುಗಳು ದೂರ. ಡಿಮ್ಯಾಗ್ನೆಟೈಸರ್ ಉಪಕರಣವನ್ನು ದೂರದಲ್ಲೇ ಆನ್ ಮಾಡಿ ಹತ್ತಿರ ತನ್ನಿ. ನಿಧಾನ ಹಿಂದೆಳೆದು ದೂರದಲ್ಲೇ ಆಫ್ ಮಾಡಿ. ಹೆಡ್ಡಿನ ಎದುರೇ ಆಫ್ ಮಾಡಿದರೆ ಕಾಂತತೆ ಅಲ್ಲೇ ಉಳಿಯುತ್ತದೆ.

ಕೊಳ್ಳುವವರು ಪ್ಲಗ್ ಹಾಕುವ ಮುನ್ನವೇ ಹಿಂದಿನ ಕವಚ ತೆಗೆಸಿ ನೋಡಿ. ವೋಲ್ಟೇಜ್ ಸೆಲೆಕ್ಟರ್ 110ರಲ್ಲಿದ್ದರೆ 240ಕ್ಕೆ ತಿರುಗಿಸಿ. ಪಾರದರ್ಶಕ ಎಪಾಕ್ಸಿ ಹೊದಿಕೆಯ ಹಳೆಯ ಪೇಪರ್ ಕೆಪಾಸಿಟರ್ ಇದ್ದರೆ ಬಿರುಕು ಹುಡುಕಬೇಡಿ, ಬದಲಿಸಿಬಿಡಿ: ಬಿರುಕಿನಿಂದ ತೇವ ಒಳಹೋಗಿ, ಕರೆಂಟು ಕೊಟ್ಟೊಡನೆ ಹೊಗೆ ಬರಬಹುದು. ಅದೇ ಮೌಲ್ಯದ, ಮನೆಯ ಕರೆಂಟಿಗೆ ನೇರ ಜೋಡಿಸಲೆಂದೇ ಇರುವ ಎಕ್ಸ್2 ದರ್ಜೆಯದು ಅಗ್ಗಕ್ಕೆ ಸಿಗುತ್ತದೆ. ಹೆಡ್ಡಿನ ಸವೆತಕ್ಕೆ ಮಾತ್ರ ಅಗ್ಗದ ಮದ್ದಿಲ್ಲ. ಟೇಪ್ ತಾಗುವ ಜಾಗ ಅಗಲವಾಗಿ ಚಪ್ಪಟೆಯಾಗಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಿ.

ಮನೆಯಲ್ಲಿ ಹಲವು ಕೈಗಳು ಗುಂಡಿ ಒತ್ತುವುದಾದರೆ ಹೆಚ್ಚು ಹಣ ಕೊಟ್ಟು ರೆವಾಕ್ಸ್‌ನದೇ ನಂತರದ ಮಾದರಿ ಬಿ77 ತನ್ನಿ, ಟೇಪ್ ನಿಂತಿದೆಯೇ ಎಂದು ತಿಳಿಯುವ ಆ ಸೆನ್ಸರ್ ಅದರಲ್ಲಿದೆ. ಒಬ್ಬರೇ ಬಳಸುವುದಾದರೆ ಎ77 ಸಾಕು.