ಬೋನಸ್ ಹಣಕ್ಕೆ ಮೊರಿನಿ ಸಿಎಂ 162 ಇಐ ಏರ್ ಪಿಸ್ತೂಲು: ಕೊಳ್ಳುವ ಮುಂಚೆ ತೂಗಿ ನೋಡಿ

ಬೋನಸ್ ಕೈಸೇರಿದ ವಾರ ಶೂಟಿಂಗ್ ರೇಂಜ್‌ನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಕ್ಲಬ್ಬಿನ ಪಿಸ್ತೂಲು ಬಿಟ್ಟು ಸ್ವಂತದ್ದು ತಗೊಳ್ಳುವ ಹೊತ್ತು ಬಂತೇ, ಬಂದಿದ್ದರೆ ಯಾವುದು? .22 ಅಥವಾ .32 ಪಿಸ್ತೂಲಿನ ಆಸೆ ಇರುವವರಿಗೆ ಬೋನಸ್ಸಿನಿಂದ ಸದ್ಯಕ್ಕೆ ಪ್ರಯೋಜನವಿಲ್ಲ. ಅಲ್ಲಿ ಮೊದಲು ಬೇಕಾದ್ದು ಲೈಸೆನ್ಸ್. ಬೆಂಗಳೂರಿನಲ್ಲಿ ಅದನ್ನು ಕೊಡುವವರು ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಡಿಸಿ. ಅರ್ಜಿ ಹಾಕಿ ಕಾಯಬೇಕು, ಹಣ ಇದೆಯೆಂದು ಅದು ಬೇಗ ಆಗುವುದಿಲ್ಲ. 10 ಮೀಟರ್ ಏರ್ ಪಿಸ್ತೂಲಿನ ಲೆಕ್ಕ ಬೇರೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಬೋರ್‌ನ, 20 ಜೂಲ್ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಅರ್ಧ ಗ್ರಾಂ ತೂಕದ ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಸೀಸದ ಗುಂಡು) ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 6 ಜೂಲ್ ಕೂಡ ಆಗದು. ಈ ಪಂದ್ಯದಲ್ಲಿ ನಮ್ಮವರಿಗೆ ಹೆಸರೂ ಇದೆ: ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಟಿ.ಎಸ್. ದಿವ್ಯಾ ತಂಡದ ಜೊತೆ ಬೆಳ್ಳಿ ತಂದದ್ದೂ ಇದರಲ್ಲೇ.

ಸ್ವಿಟ್ಜರ್ಲೆಂಡಿನ ಮೊರಿನಿ ಸಿಎಂ 162 ಇಐ ಈ ವರ್ಗದ ಹಳೆಯ ಹುಲಿ. ಹೊಸ ಮಾದರಿಗಳು ಎಷ್ಟು ಬಂದರೂ ರೇಂಜ್‌ಗಳಲ್ಲಿ ಇದರ ಜಾಗ ಕದಲಿಲ್ಲ. ಅದಕ್ಕೆ ಮುಖ್ಯ ಕಾರಣ ಎಲೆಕ್ಟ್ರಾನಿಕ್ ಟ್ರಿಗರ್. ಮೆಕ್ಯಾನಿಕಲ್ ಟ್ರಿಗರ್‌ನಲ್ಲಿ ಎರಡು ಉಕ್ಕಿನ ಅಂಚುಗಳು ಒಂದರ ಮೇಲೊಂದು ಜಾರಿ ಬಿಡುಗಡೆಯಾಗಬೇಕು, ವರ್ಷಗಳ ಬಳಕೆಯಲ್ಲಿ ಆ ಅಂಚು ಸವೆಯುತ್ತದೆ. ಇಲ್ಲಿ ಬೆರಳು ಒತ್ತುವುದು ಒಂದು ಸ್ವಿಚ್ಚನ್ನು, ವಾಲ್ವ್ ತೆರೆಯುವ ಕೆಲಸ ವಿದ್ಯುತ್ತಿನದು. ಹಾಗಾಗಿ ಮೊದಲ ಗುಂಡಿಗೂ ಅರವತ್ತನೆಯದಕ್ಕೂ ಒತ್ತಡದಲ್ಲಿ ಕೂದಲೆಳೆಯ ವ್ಯತ್ಯಾಸವೂ ಬೆರಳಿಗೆ ತಿಳಿಯದು. ಇನ್ನೊಂದು ಲಾಭ ಡ್ರೈ ಫೈರ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ. ಮೆಕ್ಯಾನಿಕಲ್ ಪಿಸ್ತೂಲಿನಲ್ಲಿ ಪ್ರತಿ ಸಲ ಲಿವರ್ ಎಳೆದು ಟ್ರಿಗರ್ ಮತ್ತೆ ಸಜ್ಜು ಮಾಡಬೇಕು, ಕೈ ಹಿಡಿತ ಅಷ್ಟಕ್ಕೇ ಕದಲುತ್ತದೆ. ಇದರಲ್ಲಿ ಲಿವರ್ ಮುಟ್ಟದೆ ಮತ್ತೆ ಮತ್ತೆ ಒತ್ತಬಹುದು. ಮನೆಯ ಗೋಡೆಗೆ ಮುಖ ಮಾಡಿ ದಿನಕ್ಕೆ ಅರ್ಧ ಗಂಟೆ ಖಾಲಿ ಪಿಸ್ತೂಲು ಎತ್ತುವವರಿಗೆ ಇದೊಂದೇ ಸಾಕು, ಹಣ ವಸೂಲು.

ಇಲ್ಲದ್ದನ್ನೂ ಹೇಳಬೇಕು. ಆಸ್ಟ್ರಿಯಾದ ಸ್ಟೆಯರ್ ಇವೋ 10ರಲ್ಲಿ ಗುಂಡು ಹೊರಟ ಕ್ಷಣದ ಸಣ್ಣ ಎಗರನ್ನು ನುಂಗುವ ತೂಕದ ವ್ಯವಸ್ಥೆ ಒಳಗೇ ಇದೆ, ಮೊರಿನಿಯಲ್ಲಿ ಇಲ್ಲ. ಹೊಡೆದ ಮೇಲೂ ಸೈಟ್ (ಗುರಿ ಹಿಡಿಯುವ ಗುರುತು) ಕದಲದೆ ನಿಲ್ಲುವುದನ್ನು ನೋಡಿ ಕಲಿಯುವವರಿಗೆ ಸ್ಟೆಯರ್ ಹಿತ. ಬ್ಯಾಟರಿ ಸತ್ತರೆ ಮೊರಿನಿ ಬರೀ ಮರ ಮತ್ತು ಲೋಹ, ಆದ್ದರಿಂದ ಡಬ್ಬಿಯಲ್ಲಿ ಇನ್ನೊಂದು ಬ್ಯಾಟರಿ ಇರಲೇಬೇಕು. ಸರ್ಕ್ಯೂಟ್ ಕೆಟ್ಟರೆ ಊರಿನ ಮೆಕ್ಯಾನಿಕ್ ಕೈಹಾಕಲಾರ. ಕಲಬುರಗಿ, ಬೆಳಗಾವಿಯಂಥ ಕಡೆ ಇದ್ದು, ರಿಪೇರಿಗೆ ಪ್ರತಿ ಸಲ ಪಾರ್ಸೆಲ್ ಕಳಿಸಬೇಕಾದವರು ಇದೇ ಪಿಸ್ತೂಲಿನ ಮೆಕ್ಯಾನಿಕಲ್ ರೂಪವಾದ 162 ಎಂಐ ಅನ್ನೋ ಸ್ಟೆಯರ್‌ನ ಮೆಕ್ಯಾನಿಕಲ್ ಮಾದರಿಯನ್ನೋ ನೋಡುವುದು ಒಳ್ಳೆಯದು. ಪಂದ್ಯದ ನಡುವೆ ಪಿಸ್ತೂಲು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಟೋಕಿಯೋ ಒಲಿಂಪಿಕ್ಸ್ ಸಾಕ್ಷಿ: ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅಮೂಲ್ಯ ನಿಮಿಷಗಳನ್ನು ರಿಪೇರಿಗೆ ಕಳೆದುಕೊಂಡು 575 ಅಂಕಕ್ಕೆ, 12ನೇ ಸ್ಥಾನಕ್ಕೆ ನಿಂತರು. 60 ಗುಂಡಿಗೆ ಇರುವುದು 75 ನಿಮಿಷ. ವಾಲ್ಟರ್ ಎಲ್‌ಪಿ 500, ಪಾರ್ದಿನಿ ಕೆ 12, ಫೈನ್‌ವೆರ್ಕ್‌ಬೌ ಪಿ 8 ಎಕ್ಸ್ ಎಲ್ಲವೂ ಇದೇ ದರ್ಜೆಯವು. ಇವುಗಳಲ್ಲಿ ಯಾವುದು ಹೆಚ್ಚು ನಿಖರ ಎಂದು ವಾದ ಮಾಡುವುದು ವ್ಯರ್ಥ, ವೈಸ್‌ಗೆ (ಕದಲದಂತೆ ಹಿಡಿಯುವ ಇಕ್ಕಳಕ್ಕೆ) ಕಟ್ಟಿ ಹೊಡೆದರೆ ಎಲ್ಲವೂ 11.5 ಮಿ.ಮೀ. ಅಗಲದ ಹತ್ತರ ವೃತ್ತದೊಳಗೇ ಗುಂಡು ಪೇರಿಸುತ್ತವೆ.

ಹಾಗಾದರೆ ಅಂಕ ಎಲ್ಲಿ ಹೋಗುತ್ತದೆ? ಗ್ರಿಪ್‌ನಲ್ಲಿ, ಅಂದರೆ ಕೈ ಹಿಡಿಯುವ ಮರದ ಹಿಡಿಯಲ್ಲಿ. ಬೋನಸ್ಸಿನ ನೂರು ರೂಪಾಯಿಯಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಪಿಸ್ತೂಲಿಗೆ ಹೋಗಬಾರದು ಎನ್ನುವುದಕ್ಕೆ ಮೊದಲ ಕಾರಣ ಇದೇ. ಮೊರಿನಿಯ ಗ್ರಿಪ್‌ಗೆ ದೊಡ್ಡ ಹೆಸರಿದೆ, ಆದರೂ ಸೈಜ್ ತಪ್ಪಿದರೆ ಅದೂ ಬರೀ ಕಟ್ಟಿಗೆ. ಅಂಗಡಿಯಲ್ಲಿ ಸ್ಟಾಕ್ ಇರುವುದು ಮೀಡಿಯಂ ಎಂದು ಮೀಡಿಯಂ ಹೊತ್ತು ತರಬೇಡಿ. ಎಡಗೈಯವರು ಎಡಗೈ ಗ್ರಿಪ್ ಎಂದು ಆರ್ಡರ್‌ನಲ್ಲೇ ಬರೆಸಬೇಕು. ಸರಿ ಹೊಂದಿದೆಯೇ ಎಂದು ನೋಡುವ ಬಗೆ ಹೀಗೆ: ಖಾಲಿ ಪಿಸ್ತೂಲು ಹಿಡಿದು ಗುರಿಯ ಕಡೆ ತೋಳು ಎತ್ತಿ, ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು, ಕಣ್ಣು ತೆಗೆಯಿರಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಟ್ಟನಡುವೆ ನಿಂತಿರಬೇಕು. ಹತ್ತು ಸಲ ಮಾಡಿ. ಪ್ರತಿ ಸಲವೂ ಒಂದೇ ಕಡೆ ವಾಲಿದ್ದರೆ ದೋಷ ಕೈಯದಲ್ಲ, ಗ್ರಿಪ್‌ನ ಕೋನದ್ದು. ಅದನ್ನು ಸ್ಕ್ರೂ ಸಡಿಲಿಸಿ ತಿರುಗಿಸಬಹುದು. ಮಣಿಕಟ್ಟು ಬಗ್ಗಿಸಿ ಸರಿಮಾಡಿಕೊಂಡರೆ ನಲವತ್ತನೇ ಗುಂಡಿನ ಹೊತ್ತಿಗೆ ಸ್ನಾಯು ಸೋತು ಸೈಟ್ ತನ್ನ ಹಳೆಯ ಜಾಗಕ್ಕೇ ಮರಳುತ್ತದೆ.

ಇನ್ನು ಒತ್ತುವ ಜಾಗಗಳು. ಅಂಗೈಗೆ ಟಾಲ್ಕಂ ಪೌಡರ್ ಸವರಿ ಗ್ರಿಪ್ ಬಿಗಿಯಾಗಿ ಹಿಡಿದು ಬಿಡಿ, ಪೌಡರ್ ದಟ್ಟವಾಗಿ ಮೆತ್ತಿಕೊಂಡ ಕಡೆ ಮರ ಉಬ್ಬಿದೆ, ಮೆತ್ತಿಕೊಳ್ಳದ ಕಡೆ ಟೊಳ್ಳಿದೆ. ಉಬ್ಬನ್ನು ಅರದಿಂದ ಒಂದು ಮಿಲಿಮೀಟರಿಗಿಂತ ಹೆಚ್ಚು ಒಮ್ಮೆಗೇ ತೆಗೆಯಬೇಡಿ, ಒಂದು ವಾರ ಹೊಡೆದು ನೋಡಿ ಮುಂದುವರಿಯಿರಿ. ಟೊಳ್ಳಿಗೆ ಎರಡು ಭಾಗ ಕಲೆಸುವ ಎಪಾಕ್ಸಿ ಪುಟ್ಟಿ ಸಾಕು. ತೋರುಬೆರಳು ಎಲ್ಲೂ ಮರಕ್ಕೆ ತಾಗಬಾರದು, ತಾಗಿದರೆ ಟ್ರಿಗರ್ ಎಳೆಯುವಾಗ ಇಡೀ ಪಿಸ್ತೂಲು ಪಕ್ಕಕ್ಕೆ ಸರಿಯುತ್ತದೆ. ನಿಯಮವನ್ನೂ ಮರೆಯಬೇಡಿ: ಗ್ರಿಪ್ ಮಣಿಕಟ್ಟನ್ನು ಸುತ್ತುವರಿಯಬಾರದು, ಇಡೀ ಪಿಸ್ತೂಲು 420 × 200 × 50 ಮಿ.ಮೀ. ಪೆಟ್ಟಿಗೆಯೊಳಗೆ ಕೂರಬೇಕು, ತೂಕ 1500 ಗ್ರಾಂ ದಾಟಬಾರದು. ಪುಟ್ಟಿ ದಪ್ಪವಾಗಿ 50 ಮಿ.ಮೀ. ಮೀರಿ ಪಂದ್ಯದ ಬೆಳಗ್ಗೆ ಅರ ಹುಡುಕುವ ಪಾಡು ಬೇಡ.

ಟ್ರಿಗರ್ ತೂಕ, ಅಂದರೆ ಅದು ಬಿಡುಗಡೆಯಾಗಲು ಬೆರಳು ಹಾಕಬೇಕಾದ ಒತ್ತಡ, ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ. ಸರಿಯಾಗಿ 500ಕ್ಕೇ ಇಟ್ಟರೆ ತಪಾಸಣೆಯಲ್ಲಿ ಬೀಳುವ ಅಪಾಯವಿದೆ, 515ರ ಸುಮಾರಿಗೆ ಇಡಿ. ಅದರಲ್ಲಿ ಹೆಚ್ಚಿನ ಪಾಲು ಮೊದಲ ಹಂತಕ್ಕೆ (ಬೆರಳಿಗೆ ತಡೆ ಸಿಗುವವರೆಗಿನ ಎಳೆತ), ಸಣ್ಣ ಪಾಲು ಎರಡನೆಯದಕ್ಕೆ (ಗುಂಡು ಹೊರಡಿಸುವ ಎಳೆತ) ಬರುವಂತೆ ಹಂಚಿದರೆ ಹೊಸಬರಿಗೆ ಅನುಕೂಲ.

ಎರಡನೇ ಖರ್ಚು ಗಾಳಿ. ಪಿಸ್ತೂಲಿನ ಗಾಳಿ ಸಿಲಿಂಡರಿಗೆ 200 ಬಾರ್ ಒತ್ತಡದವರೆಗೆ ತುಂಬಬೇಕು. ಕೈಪಂಪ್ ಅಗ್ಗ, ಆದರೆ ಮಂಗಳೂರು, ಉಡುಪಿಯ ತೇವದ ಗಾಳಿಯನ್ನು ಒತ್ತಿದರೆ ಅದರ ನೀರು ಸಿಲಿಂಡರಿನೊಳಗೆ ಇಳಿದು ವಾಲ್ವ್ ಹಾಳಾಗುತ್ತದೆ. ತೇವ ಹೀರುವ ಫಿಲ್ಟರ್ ಇಲ್ಲದ ಪಂಪ್ ಬೇಡವೇ ಬೇಡ. ಮೂರ್ನಾಲ್ಕು ಜನ ಸೇರಿ ಒಂದು ಡೈವಿಂಗ್ ಸಿಲಿಂಡರ್ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ವಾಸಿ. ನಿಧಾನವಾಗಿ ತುಂಬಿ. ಅವಸರದಲ್ಲಿ ತುಂಬಿದರೆ ಗಾಳಿ ಬಿಸಿಯಾಗಿ ಮೀಟರ್ 200 ತೋರಿಸುತ್ತದೆ, ತಣ್ಣಗಾದ ಮೇಲೆ ನೋಡಿದರೆ ಮುಳ್ಳು ಕೆಳಗಿಳಿದಿರುತ್ತದೆ. ಆಕ್ಸಿಜನ್ ಮಾತ್ರ ಯಾವ ಕಾರಣಕ್ಕೂ ತುಂಬಕೂಡದು, ಒಳಗಿನ ಗ್ರೀಸ್ ತಾಗಿದರೆ ಸ್ಫೋಟವಾಗುತ್ತದೆ. ಸಿಲಿಂಡರಿನ ಮೇಲೆ ತಯಾರಿಕೆಯ ತಾರೀಕು ಇರುತ್ತದೆ, ಹತ್ತು ವರ್ಷ ದಾಟಿದ್ದು ಪಂದ್ಯಕ್ಕೆ ನಡೆಯದು.

ಪೆಲೆಟ್ ಖರ್ಚನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ 80 ಗುಂಡು ಎಂದರೆ ವರ್ಷಕ್ಕೆ ಹನ್ನೆರಡೂವರೆ ಸಾವಿರ, ಅಂದರೆ 500ರ ಡಬ್ಬಿ 25. ಚಪ್ಪಟೆ ಮೂತಿಯ 4.5 ಮಿ.ಮೀ. ಪೆಲೆಟ್‌ಗಳಲ್ಲಿ ಪಂದ್ಯಕ್ಕೆ ಆರ್‌ಡಬ್ಲ್ಯೂಎಸ್ ಆರ್ 10 ಅಥವಾ ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಅಭ್ಯಾಸಕ್ಕೆ ಅಗ್ಗದ ಯಾವುದಾದರೂ ಒಂದು. ರೈಫಲ್‌ನವರಂತೆ ಹತ್ತು ಬ್ಯಾಚ್ ತರಿಸಿ ಪರೀಕ್ಷಿಸುವುದಕ್ಕೆ ಪಿಸ್ತೂಲಿನವರು ಹಣ ಸುರಿಯಬೇಕಿಲ್ಲ. ಕೈ ನಡುಕದ ಮುಂದೆ ಬ್ಯಾಚಿನ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಸೀಸದ ಪೆಲೆಟ್ ಮುಟ್ಟಿದ ಕೈ ತೊಳೆಯದೆ ಟೀ, ತಿಂಡಿ ಮುಟ್ಟಬಾರದು. ಗುರಿಯ ಕಂಪನ ದಾಖಲಿಸುವ ಸ್ಕ್ಯಾಟ್ ಯಂತ್ರ ಅದ್ಭುತವೇ ಸರಿ, ಆದರೆ ಓದಿ ಹೇಳುವ ಕೋಚ್ ಇಲ್ಲದಿದ್ದರೆ ಅದರ ಗೆರೆಗಳು ಬರೀ ಚಿತ್ತಾರ. ಆ ಹಣವನ್ನು ಮುಂದಿನ ವರ್ಷದ ಬೋನಸ್ಸಿಗೆ ಬಿಟ್ಟು, ಈ ವರ್ಷ ರೇಂಜ್ ಫೀ ಕಟ್ಟಿ.

ಹೊಸದಕ್ಕೆ ಹಣ ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಮೊರಿನಿ ನಿಜಕ್ಕೂ ಒಳ್ಳೆಯ ವ್ಯಾಪಾರ, ಟ್ರಿಗರ್‌ನಲ್ಲಿ ಸವೆಯುವ ಅಂಚೇ ಇಲ್ಲವಲ್ಲ. ಸೀರಿಯಲ್ ನಂಬರ್ ಇರುವ ಮೂಲ ಬಿಲ್ ಇಲ್ಲದಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಕೈಮುಗಿದು ಬನ್ನಿ. ಬಿಲ್ ಸರಿಯಿದ್ದರೆ ಮಾರುವವರ ಮುಂದೆಯೇ ಮೀಟರಿನ ಫೋಟೋ ತೆಗೆದು, ಒಂದು ದಿನ ಬಿಟ್ಟು ಮತ್ತೆ ನೋಡಿ. ಮುಳ್ಳು ಇಳಿದಿದ್ದರೆ ಸಿಲಿಂಡರ್ ಕೂಡುವ ಕಡೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದರೆ ಓ ರಿಂಗ್ (ರಬ್ಬರ್ ಉಂಗುರ) ಬದಲಿಸಿದರೆ ಸಾಕು, ಸಣ್ಣ ಖರ್ಚು. ಗುಳ್ಳೆ ಬರದೆ ಗಾಳಿ ಮಾತ್ರ ಇಳಿಯುತ್ತಿದ್ದರೆ ಸೋರಿಕೆ ಒಳಗಿನ ವಾಲ್ವ್‌ನದ್ದಿರಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಡಿತಗೊಳಿಸಿ. ಆಮೇಲೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಮೇಲೆ ಹತ್ತು ಗುಂಡು. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ವೇಗದ ನಡುವೆ ಸೆಕೆಂಡಿಗೆ ಮೂರ್ನಾಲ್ಕು ಮೀಟರ್ ಅಂತರ ಇದ್ದರೆ ಚಿಂತೆಯಿಲ್ಲ. ಗುಂಡಿನಿಂದ ಗುಂಡಿಗೆ ವೇಗ ಏರುತ್ತಲೇ ಹೋದರೆ ಅಥವಾ ಇಳಿಯುತ್ತಲೇ ಹೋದರೆ ಪ್ರತಿ ಗುಂಡಿಗೂ ಗಾಳಿಯ ಒತ್ತಡ ಒಂದೇ ಇಡುವ ರೆಗ್ಯುಲೇಟರ್ ರಿಪೇರಿ ಕೇಳುತ್ತಿದೆ. ಸರ್ವಿಸ್ ಮಾಡಿಸಿ ಕೊಡುವುದಾದರೆ ಮಾತ್ರ ಮುಂಗಡ ಕೊಡಿ.